ನಾಲೆ ನೀರು, ನಾಟಿ ದಿನ, ಕೊನೆಯ ದಿನಾಂಕ: ಬೇಸಾಯದ ಕೆಲಸಗಳಿಗೆ ಮೊಬೈಲ್ ಪಟ್ಟಿ



ಬೇಸಾಯದ ಕೆಲಸಗಳ ಪಟ್ಟಿ ನಮಗೆ ಹೊಸದಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳ ಲೆಕ್ಕದಲ್ಲಿ ಯಾವಾಗ ಏನು ಮಾಡಬೇಕೆಂಬುದನ್ನು ಹಿರಿಯರು ನೆನಪಿನಲ್ಲಿಟ್ಟುಕೊಂಡಿದ್ದರು. ಸುಮಾರು ಹದಿಮೂರು–ಹದಿನಾಲ್ಕು ದಿನಗಳ ಒಂದೊಂದು ಮಳೆಯೂ ಒಂದೊಂದು ಕೆಲಸದ ಗಡುವಾಗಿತ್ತು. ಇಂದು ಆ ಲೆಕ್ಕದ ಜೊತೆಗೆ ನಾಲೆ ನೀರಿನ ಸರದಿ, ಬೆಳೆ ವಿಮೆ, ಬೆಳೆ ಸಮೀಕ್ಷೆ, ಸೊಸೈಟಿ ಸಾಲದ ಕಂತು ಎಲ್ಲವೂ ಸೇರಿಕೊಂಡಿವೆ. ಇವುಗಳಲ್ಲಿ ಯಾವುದೂ ಮಳೆ ನಕ್ಷತ್ರವನ್ನು ನೋಡಿ ಬರುವುದಿಲ್ಲ. ಆದುದರಿಂದ ಮೊಬೈಲ್‌ನಲ್ಲಿ ಕೆಲಸಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು ಸೂಕ್ತ.

ಇದಕ್ಕಾಗಿ ಹಣ ಕೊಟ್ಟು ಯಾವ ಆ್ಯಪನ್ನೂ ಕೊಳ್ಳಬೇಕಾಗಿಲ್ಲ. ಗೂಗಲ್ ಟಾಸ್ಕ್ಸ್, ಗೂಗಲ್ ಕೀಪ್ ಎಂಬ ಆ್ಯಪ್‌ಗಳು ಉಚಿತವಾಗಿ ದೊರೆಯುತ್ತವೆ. ಇವುಗಳಲ್ಲಿ ಕನ್ನಡದಲ್ಲಿಯೇ ಬರೆಯಬಹುದು. ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ ಮಾತನಾಡಿದರೂ ಅಕ್ಷರ ಮೂಡುತ್ತದೆ. ಟಾಸ್ಕ್ಸ್‌ನಲ್ಲಿ ಪ್ರತಿ ಕೆಲಸಕ್ಕೂ ದಿನಾಂಕ ಮತ್ತು ವೇಳೆಯನ್ನು ನಮೂದಿಸಬಹುದು. ಮತ್ತೆ ಮತ್ತೆ ಮಾಡಬೇಕಾದ ಕೆಲಸವನ್ನು ಒಮ್ಮೆ ಬರೆದರೆ ಸಾಕು. ಕೀಪ್‌ನಲ್ಲಿ ಪಟ್ಟಿಯನ್ನು ಮನೆಯ ಇತರರೊಂದಿಗೆ ಹಂಚಿಕೊಳ್ಳಬಹುದು.

ಆದರೆ ಮೊಬೈಲ್‌ನಲ್ಲಿ ಬರೆದ ಮಾತ್ರಕ್ಕೆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. "ಕಳೆನಾಶಕ ಸಿಂಪಡಿಸಬೇಕು" ಎಂದಷ್ಟೇ ಬರೆದರೆ ಅದು ನೆನಪಿನ ಚೀಟಿ ಮಾತ್ರ. ಬಿತ್ತನೆ ಅಥವಾ ನಾಟಿ ಮಾಡಿದ ದಿನದಿಂದ ಎಷ್ಟನೆಯ ದಿನಕ್ಕೆ ಆ ಕೆಲಸ ಬೀಳುತ್ತದೆ ಎಂದು ಎಣಿಸಿ, ಆ ದಿನಾಂಕಕ್ಕೆ ಬರೆದಾಗ ಅದು ಯೋಜನೆಯಾಗುತ್ತದೆ. ಇದನ್ನು ಒಂದು ಉದಾಹರಣೆಯಿಂದ ವಿವರಿಸಬಹುದು.

ನೀವು ಮಕ್ಕಳ ಓದಿಗಾಗಿ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ವಾಸವಾಗಿದ್ದೀರಿ, ನಿಮ್ಮ ಗದ್ದೆ ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ ಎಂದಿಟ್ಟುಕೊಳ್ಳಿ. ಜುಲೈ 9ರಂದು ಸಸಿಮಡಿಗೆ ಬೀಜ ಚೆಲ್ಲಿದ್ದೀರಿ. ಆಳುಗಳು ಒಪ್ಪಿದ ದಿನ ಆಗಸ್ಟ್ 4, ಆದ್ದರಿಂದ ಅಂದೇ ನಾಟಿ ಎಂದು ತೀರ್ಮಾನಿಸಿದ್ದೀರಿ. ಈಗ ಪಟ್ಟಿಯಲ್ಲಿ ಮುಂದಿನ ಕೆಲಸವನ್ನು ಬರೆಯಿರಿ. ನಾಟಿ ಗದ್ದೆಯಲ್ಲಿ ಕಳೆ ಮೊಳೆಯುವ ಮುನ್ನ ಬಳಸುವ ಕಳೆನಾಶಕವನ್ನು ಸಾಮಾನ್ಯವಾಗಿ ನಾಟಿಯಾದ 3ರಿಂದ 5 ದಿನಗಳೊಳಗೆ, ಗದ್ದೆಯಲ್ಲಿ ತೆಳುವಾಗಿ ನೀರು ನಿಂತಿರುವಾಗ ಹಾಕಬೇಕು. ಅಂದರೆ ಆಗಸ್ಟ್ 7ರಿಂದ 9. ನಾಲೆಯ ನೀರು ನಿಲ್ಲುವ ದಿನವನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ. ಅದು ಆಗಸ್ಟ್ 6 ಆಗಿದ್ದರೆ ತೊಡಕು ಅಲ್ಲಿಯೇ ಕಾಣುತ್ತದೆ. ಕಳೆನಾಶಕ ಹಾಕುವ ದಿನಗಳಲ್ಲಿ ಗದ್ದೆ ಆರಿರುತ್ತದೆ, ಔಷಧ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೂರು ವಾರಗಳ ನಂತರ ಕಳೆ ಕೀಳಲು ಆಳುಗಳನ್ನು ಹುಡುಕಬೇಕಾಗುತ್ತದೆ.

ನಾಟಿಯನ್ನು ಜುಲೈ 30ಕ್ಕೆ ತಂದರೆ ಸಸಿಗಳಿಗೆ 21 ದಿನ ತುಂಬಿರುತ್ತದೆ. ನಾಟಿಗೆ ಇದು ಯೋಗ್ಯ ವಯಸ್ಸು. ಕಳೆನಾಶಕದ ದಿನಗಳು ಆಗಸ್ಟ್ 2ರಿಂದ 4ಕ್ಕೆ ಬರುತ್ತವೆ, ನೀರೂ ಇರುತ್ತದೆ. ಆಳುಗಳೊಂದಿಗೆ ಮಾತನಾಡಿ ದಿನ ಬದಲಿಸಲು ಜುಲೈ ಮಧ್ಯದಲ್ಲಿ ಅವಕಾಶವಿದೆ, ಆಗಸ್ಟ್ 7ರಂದು ಇಲ್ಲ. ಪಟ್ಟಿಯಿಂದ ದೊರೆಯುವ ನಿಜವಾದ ಲಾಭ ಇದೇ.

ನೀರಿನ ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ಭದ್ರಾ ಜಲಾಶಯದಿಂದ ನೀರು ಬಿಡುವ ದಿನಾಂಕಗಳನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಆದರೆ ಜಲಾಶಯದಲ್ಲಿ ನೀರು ಬಿಟ್ಟ ದಿನವೇ ಕೊನೆಯ ಭಾಗದ ಗದ್ದೆಗೆ ನೀರು ತಲುಪುವುದಿಲ್ಲ. ನಿಮ್ಮ ತೂಬಿಗೆ ನೀರು ಬರಲು ಹಿಂದಿನ ಸರದಿಗಳಲ್ಲಿ ಎಷ್ಟು ದಿನ ಹಿಡಿಯಿತೋ ಅಷ್ಟನ್ನು ಕೂಡಿಸಿ ಬರೆಯಿರಿ. ಬರದ ವರ್ಷಗಳಲ್ಲಿ ಸರದಿ ನಡುವೆಯೇ ಬದಲಾಗುವುದುಂಟು. 2023ರ ಮುಂಗಾರಿನಲ್ಲಿ ಇದೇ ವಿಷಯಕ್ಕೆ ದಾವಣಗೆರೆಯ ರೈತರು ಬೀದಿಗಿಳಿಯಬೇಕಾಯಿತು. ಯಾವ ಪಟ್ಟಿಯೂ ನೀರನ್ನು ತರಲಾರದು. ಆದರೆ ಹೊಸ ಪ್ರಕಟಣೆ ಬಂದ ದಿನವೇ ದಿನಾಂಕ ತಿದ್ದಿದರೆ, ಅದಕ್ಕೆ ಅಂಟಿಕೊಂಡ ಯಾವ ಯಾವ ಕೆಲಸಗಳು ಸರಿಯಬೇಕೆಂಬುದು ತಕ್ಷಣ ತಿಳಿಯುತ್ತದೆ.

ಮೆಕ್ಕೆಜೋಳ ಬೆಳೆಯುವವರಿಗೆ ಮರುಕಳಿಸುವ ಕೆಲಸಗಳ ಸೌಲಭ್ಯ ಹೆಚ್ಚು ಉಪಯುಕ್ತ. 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಮರಿಗಳು ಸುಳಿಯೊಳಗೆ ಸೇರಿ ಬಲಿತ ನಂತರ ಹತೋಟಿ ಕಷ್ಟ. ಮೊಳಕೆಯಾದ ಒಂದು ವಾರದಿಂದ ವಾರಕ್ಕೆರಡು ಬಾರಿ, ಉದಾಹರಣೆಗೆ ಸೋಮವಾರ ಮತ್ತು ಗುರುವಾರ, ಹೊಲವನ್ನು ಪರೀಕ್ಷಿಸುವ ಕೆಲಸವನ್ನು ಮರುಕಳಿಸುವಂತೆ ನಮೂದಿಸಿ. "ಹೊಲ ನೋಡು" ಎಂದು ಬರೆಯಬೇಡಿ, "ಐದು ಕಡೆ ಹತ್ತು ಹತ್ತು ಗಿಡಗಳ ಸುಳಿ ನೋಡು, ಹಾನಿಯಾದ ಗಿಡ ಎಷ್ಟು?" ಎಂದು ಬರೆಯಿರಿ. ಮೊದಲನೆಯದಕ್ಕೆ ಬದುವಿನ ಮೇಲೆ ನಿಂತೇ ಮುಗಿಯಿತೆಂದು ಗುರುತು ಹಾಕಿಬಿಡಬಹುದು.

ಕಚೇರಿಯ ಕೆಲಸಗಳಿಗೆ ಪ್ರತ್ಯೇಕ ಪಟ್ಟಿ ಇರಲಿ. ಹೊಲದ ಕೆಲಸ ಮಳೆಯಿಂದಾಗಿ ಎರಡು ದಿನ ಸರಿಯಬಹುದು, ಇವು ಸರಿಯುವುದಿಲ್ಲ. ಸಹಕಾರ ಸಂಘದಿಂದ ಪಡೆದ ಬಡ್ಡಿರಹಿತ ಅಲ್ಪಾವಧಿ ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸದಿದ್ದರೆ ಆ ಸೌಲಭ್ಯ ಕೈತಪ್ಪುತ್ತದೆ. ಈ ಗಡುವಿಗೆ ಒಂದಲ್ಲ, ಮೂರು ನೆನಪೋಲೆಗಳನ್ನು ಇಡಿ: ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಹಿಂದಿನ ದಿನ. ಫಸಲ್ ಬಿಮಾ ಯೋಜನೆಯಲ್ಲಿ ನೋಂದಣಿಯ ಕೊನೆಯ ದಿನ ಬೆಳೆಗೂ ಹಂಗಾಮಿಗೂ ಬೇರೆಯಾಗಿರುವುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ. ಆಲಿಕಲ್ಲು ಮಳೆ ಅಥವಾ ಹೊಲದಲ್ಲಿ ನೀರು ನಿಂತು ಹಾನಿಯಾದಾಗ 72 ಗಂಟೆಗಳೊಳಗೆ ತಿಳಿಸಬೇಕು. ಆ ಹೊತ್ತಿನಲ್ಲಿ ಪಾಲಿಸಿ ಸಂಖ್ಯೆಗಾಗಿ ಪೆಟ್ಟಿಗೆ ಹುಡುಕುವಂತಾಗಬಾರದು. ಸಹಾಯವಾಣಿ 14447, ಪಾಲಿಸಿ ಸಂಖ್ಯೆ ಮತ್ತು ಸರ್ವೆ ನಂಬರ್‌ಗಳನ್ನು ಪಟ್ಟಿಯ ಮೊದಲಿಗೇ ಬರೆದಿಡಿ. ಬ್ಯಾಂಕ್ ಪಿನ್, ಒಟಿಪಿಗಳನ್ನು ಮಾತ್ರ ಎಂದಿಗೂ ಬರೆಯಬೇಡಿ.

ಒಂದು ದಿನಕ್ಕೆ ಮೂರು–ನಾಲ್ಕು ಕೆಲಸಗಳಿಗಿಂತ ಹೆಚ್ಚು ಬೇಡ. ಹದಿನೈದು ಕೆಲಸ ಬರೆದು ಹನ್ನೊಂದನ್ನು ಮರುದಿನಕ್ಕೆ ತಳ್ಳುವವರು ಹದಿನೈದು ದಿನಗಳಲ್ಲಿ ಆ್ಯಪ್ ತೆರೆಯುವುದನ್ನೇ ಬಿಡುತ್ತಾರೆ. ರಾತ್ರಿ ಊಟದ ನಂತರ ಐದು ನಿಮಿಷ ಮನೆಯವರೆಲ್ಲ ಕುಳಿತು ನಾಳೆಯ ಕೆಲಸ ಗೊತ್ತುಪಡಿಸಿ. ಕಳೆ, ಕೊಯ್ಲು, ಹೈನುಗಾರಿಕೆಯ ಹೆಚ್ಚಿನ ಪಾಲು ಮಾಡುವ ಮನೆಯ ಹೆಣ್ಣುಮಕ್ಕಳ ಮೊಬೈಲ್‌ನಲ್ಲಿಯೂ ಅದೇ ಪಟ್ಟಿ ಇರುವುದು ಅವಶ್ಯಕ.

ಮುಗಿದ ಕೆಲಸಗಳನ್ನು ಅಳಿಸಬೇಡಿ. ಗುರುತು ಹಾಕಿದ ದಿನಾಂಕದೊಂದಿಗೆ ಅವು ಟಾಸ್ಕ್ಸ್‌ನಲ್ಲಿ ಉಳಿಯುತ್ತವೆ. ಯಾವ ಔಷಧವನ್ನು, ಎಷ್ಟು ಪ್ರಮಾಣದಲ್ಲಿ ಸಿಂಪಡಿಸಿದಿರಿ ಎಂಬುದನ್ನು ಅದರ ಕೆಳಗೆ ಬರೆದರೆ, ಕೊಯ್ಲಿಗೆ ಮೊದಲು ಎಷ್ಟು ದಿನ ಕಾಯಬೇಕೆಂಬ ಲೆಕ್ಕ ಕೈಯಲ್ಲಿರುತ್ತದೆ. ವಿಸ್ತರಣಾ ಕಾರ್ಯಕರ್ತರು ಕ್ಷೇತ್ರ ಭೇಟಿಯಲ್ಲಿ "ಕೊನೆಯ ಸಿಂಪರಣೆ ಯಾವಾಗ?" ಎಂದು ಕೇಳಿದಾಗ ದೊರೆಯುವ ಉತ್ತರ ಹೆಚ್ಚಾಗಿ ಅಂದಾಜಿನದು, ಈ ದಾಖಲೆ ಇದ್ದಲ್ಲಿ ಸಲಹೆಯೂ ನಿಖರವಾಗಿರುತ್ತದೆ.

ಕೊನೆಯದಾಗಿ, ನೆನಪೋಲೆ ಬರುತ್ತಿಲ್ಲವೆಂದು ಹಲವರು ದೂರುವುದುಂಟು. ಮೊಬೈಲ್‌ನ ಬ್ಯಾಟರಿ ಉಳಿತಾಯ ವ್ಯವಸ್ಥೆ ಆ್ಯಪನ್ನು ನಿಲ್ಲಿಸಿರುವುದು ಇದಕ್ಕೆ ಒಂದು ಕಾರಣ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಈ ನಿರ್ಬಂಧವನ್ನು ತೆಗೆದು, ಅಧಿಸೂಚನೆಗೆ ಅನುಮತಿ ನೀಡಿ. ನಿಮ್ಮ ಬೆಳೆಗೆ ಎಷ್ಟನೆಯ ದಿನ ಯಾವ ಕೆಲಸವೆಂಬ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ 1800-180-1551ಕ್ಕೂ ಕರೆ ಮಾಡಬಹುದು.