ಹಳೆಯ ಟ್ರ್ಯಾಕ್ಟರಿನ ಕೀ ಸ್ವಿಚ್ಚು ಮತ್ತು ಸೆಲ್ಫ್ ವೈರಿಂಗು

ತೋಟದ ಹಳೆಯ ಟ್ರ್ಯಾಕ್ಟರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ, ನಂತರ ಸೆಲ್ಫ್. ಇವೆರಡನ್ನೂ ಬಿಚ್ಚಿ ಜೀಪಿಗೆ ಹಾಕಿ ಪೇಟೆಗೆ ಸಾಗಿಸಿ, ಒಂದು ದಿನದ ಕೆಲಸ ಕೆಡಿಸಿಕೊಂಡು, ದುಡ್ಡು ತೆತ್ತು ತಂದು ಕೂರಿಸಿದ ಮೇಲೂ ಗಾಡಿ ಬರೀ 'ಟಕ್' ಎಂದು ಸುಮ್ಮನಾದರೆ ಆಗ ಕೀ ಸ್ವಿಚ್ಚಿನ ನೆನಪಾಗುತ್ತದೆ. ಮೂವತ್ತು ನಲವತ್ತು ವರ್ಷ ದುಡಿದ ಗಾಡಿಗಳಲ್ಲಿ ದೋಷವಿರುವುದು ಬಹಳ ಸಲ ಬ್ಯಾಟರಿಗೂ ಸೆಲ್ಫಿಗೂ ನಡುವಿನ ದಾರಿಯಲ್ಲಿ. ಸ್ವಿಚ್ಚು, ತಂತಿ, ಲಗ್ಗು, ಅರ್ತು, ಇವುಗಳನ್ನು ವಿಚಾರಿಸುವವರು ಕಡಿಮೆ.

ನಮ್ಮ ಸದಸ್ಯರ ಕೊಟ್ಟಿಗೆಗಳಲ್ಲಿ ಇನ್ನೂ ಇಂಥ ಗಾಡಿಗಳು ಸಾಕಷ್ಟಿವೆ. 1971ರಲ್ಲಿ ಜೆಟರ್ ಸಹಯೋಗದೊಂದಿಗೆ ಹರಿಯಾಣದ ಪಿಂಜೋರಿನಲ್ಲಿ ತಯಾರಾಗತೊಡಗಿದ 25 ಅಶ್ವಶಕ್ತಿಯ ಎಚ್.ಎಂ.ಟಿ. ಟ್ರ್ಯಾಕ್ಟರನ್ನು ತಂದೆಯ ಕಾಲದಿಂದ ಇಟ್ಟುಕೊಂಡವರಿದ್ದಾರೆ. ಅಡಿಕೆ ಸಾಲಿನ ನಡುವೆ ತಿರುಗಲೆಂದು ಸಣ್ಣ ಮಿತ್ಸುಬಿಷಿ ಶಕ್ತಿಯನ್ನು ನೆಚ್ಚಿಕೊಂಡವರೂ ಇದ್ದಾರೆ. ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿದ ಮೇಲೆ, ಕಂಪನಿಯ ವೈರಿಂಗ್ ಸೆಟ್ಟಿಗಾಗಿ ಕಾದು ಕುಳಿತು ಪ್ರಯೋಜನವಿಲ್ಲ. ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಕಷ್ಟವೂ ಇಲ್ಲ.

ಆದರೆ ಈ ಲೇಖನಕ್ಕೆ ಕಾರಣ ಬೇರೆಯೇ ಇದೆ. ಕೀ ಕೈಕೊಟ್ಟಾಗ ನಮ್ಮಲ್ಲಿ ಎಲ್ಲರೂ ಬಲ್ಲ ಒಂದು ಉಪಾಯವುಂಟು: ಕೆಳಗೆ ನಿಂತು ಸೆಲ್ಫಿನ ಎರಡು ತುದಿಗಳಿಗೆ ಸ್ಕ್ರೂ ಡ್ರೈವರನ್ನೋ ಸ್ಪ್ಯಾನರನ್ನೋ ಅಡ್ಡ ತಾಗಿಸುವುದು. ಕಿಡಿ ಹಾರುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ, ಎಲ್ಲರೂ ನಗುತ್ತಾರೆ. ಇದನ್ನೇ ವರ್ಷಗಟ್ಟಲೆ ನಡೆಸಿಕೊಂಡು ಬಂದ ತೋಟಗಳಿವೆ. ಬಯಲುಸೀಮೆಯಲ್ಲೂ ಇದು ಅಪಾಯವೇ, ನಮ್ಮ ಮಲೆನಾಡಿನಲ್ಲಿ ದುಪ್ಪಟ್ಟು ಅಪಾಯ. ಏಕೆಂದರೆ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕನ್ನು ನಂಬದೆ ಗಾಡಿಯನ್ನು ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ನಮ್ಮ ಅಭ್ಯಾಸ. ಆ ಗೇರನ್ನು ಮರೆತು ಕೆಳಗಿನಿಂದ ಸೆಲ್ಫ್ ಹೊಡೆದವನು ನಿಂತಿರುವುದು ಹಿಂದಿನ ಚಕ್ರದ ಎದುರಿಗೇ. ಡೀಸೆಲ್ ಎಂಜಿನ್ ಒಮ್ಮೆ ಹಿಡಿದುಕೊಂಡರೆ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸುವ ಗುಂಡಿ ಮೇಲೆ, ಸೀಟಿನ ಮುಂದೆ ಇರುತ್ತದೆ. ಕೈಗೆಟುಕುವುದಿಲ್ಲ. ನಮ್ಮ ಸೀಮೆಯ ಒಂದು ತೋಟದಲ್ಲಿ ಹೀಗೆ ಚಕ್ರ ಹತ್ತಿದ್ದು ಡ್ರೈವರನ ಮೊಣಕಾಲಿಗೆ. ಜೀವ ಉಳಿಯಿತು. ಹಂಗಾಮಿನಲ್ಲಿ ಕೊನೆ ತೆಗೆಯಲೂ ಹೋಗುತ್ತಿದ್ದ ಆತ ಮತ್ತೆ ಮರ ಹತ್ತಲಿಲ್ಲ.

ಹಳೆಯ ಕಾಲದ ಎಂಜಿನಿಯರುಗಳಿಗೆ ಈ ಅಪಾಯ ತಿಳಿದಿತ್ತು. 1946ರಿಂದ 1956ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಫರ್ಗುಸನ್ ಟಿಇ-20 ಗಾಡಿಯಲ್ಲಿ ಗೇರ್ ಕಡ್ಡಿಯನ್ನೇ 'ಎಸ್' ಎಂಬ ಸ್ಥಾನಕ್ಕೆ ತಳ್ಳಿದರೆ ಮಾತ್ರ ಸೆಲ್ಫ್ ತಿರುಗುತ್ತಿತ್ತು. ಕಡ್ಡಿ ಅಲ್ಲಿರುವಾಗ ಗಾಡಿ ಗೇರಿನಲ್ಲಿರಲು ಸಾಧ್ಯವೇ ಇಲ್ಲ. ನಂತರದ ಗಾಡಿಗಳಲ್ಲಿ ಇದೇ ಕೆಲಸಕ್ಕೆ ಗೇರ್ ಪೆಟ್ಟಿಗೆಯ ಮೇಲೋ ಕ್ಲಚ್ಚಿನ ಬಳಿಯೋ ಒಂದು ಸಣ್ಣ ಸೇಫ್ಟಿ ಸ್ವಿಚ್ಚು ಬಂತು. ಅದು ಕೆಟ್ಟಾಗ ಅದರ ಎರಡು ತಂತಿಗಳನ್ನು ಸೇರಿಸಿ ಟೇಪು ಸುತ್ತಿಬಿಡುವುದು ನಮ್ಮ ಮೆಕ್ಯಾನಿಕ್ಕುಗಳ ಪದ್ಧತಿ. ತಾವು ವೈರಿಂಗ್ ಬದಲಿಸುವುದಾದರೆ ಮೊದಲು ಹುಡುಕಬೇಕಾದದ್ದು ಆ ಟೇಪಿನ ಗಂಟನ್ನು.

ಸರ್ಕೀಟು ಬಹಳ ಸರಳ. ಬ್ಯಾಟರಿಯಿಂದ ದಪ್ಪ ಕೇಬಲು ಸೆಲ್ಫಿನ ಮೇಲಿರುವ ಸೊಲೆನಾಯಿಡಿನ ದೊಡ್ಡ ಬೋಲ್ಟಿಗೆ ಬರುತ್ತದೆ. ಅಲ್ಲಿಂದ ತೆಳು ತಂತಿಯೊಂದು ಕೀ ಸ್ವಿಚ್ಚಿಗೆ ಹೋಗಿ, ಕೀ ತಿರುಗಿಸಿದಾಗ ಸೇಫ್ಟಿ ಸ್ವಿಚ್ಚಿನ ಮೂಲಕ ಹಾದು ಸೊಲೆನಾಯಿಡಿನ ಸಣ್ಣ ತುದಿಗೆ ಮರಳುತ್ತದೆ. ಆಗ ಒಳಗಿನ ಸುರುಳಿ ಕಬ್ಬಿಣವನ್ನು ಎಳೆದು ಹಲ್ಲನ್ನು ಫ್ಲೈವೀಲಿಗೆ ಕಚ್ಚಿಸಿ ದೊಡ್ಡ ಕರೆಂಟನ್ನು ಒಳಗೆ ಬಿಡುತ್ತದೆ. ಸೆಲ್ಫ್ ತಿರುಗುವಾಗ ಕೇಬಲಿನಲ್ಲಿ ಹರಿಯುವುದು ನೂರಾರು ಆಂಪಿಯರ್. ಅಷ್ಟೂ ಕರೆಂಟು ಹಿಂದಿರುಗುವುದು ಗಾಡಿಯ ಮೈ ಮತ್ತು ಅರ್ತ್ ಪಟ್ಟಿಯ ಮೂಲಕ. ಈ ಪಟ್ಟಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಬಣ್ಣದ ಮೇಲೆ, ತುಕ್ಕಿನ ಮೇಲೆ ಬೋಲ್ಟು ಬಿಗಿದು ಮರೆತಿರುತ್ತಾರೆ.

ನಮ್ಮ ಹವೆಯೂ ವೈರಿಂಗಿಗೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಗೆ ಕೆಲಸ ಕಡಿಮೆ, ತೇವ ಹೆಚ್ಚು. ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹತ್ತಿ ಅದು ಇನ್ಸುಲೇಷನ್ನಿನ ಒಳಗೊಳಗೇ ತೆವಳುತ್ತದೆ. ಹೊರಗಿನಿಂದ ತಂತಿ ಹೊಸದರಂತೆ ಕಾಣುತ್ತದೆ. ಚೀಲ ಪೇರಿಸಿದ ಕೊಟ್ಟಿಗೆಯಲ್ಲಿ ಇಲಿಗಳು ಬೇರೆ. ಇನ್ನು ಆಯುಧಪೂಜೆ. ಹಿಂದಿನ ದಿನ ಪಂಪ್ ಹಚ್ಚಿ ಪೈಪಿನಿಂದ ಗಾಡಿಯ ಮುಖಕ್ಕೇ ನೀರು ಹೊಡೆದು, ಕೀ ತೂತಿಗೂ ಅಭಿಷೇಕ ಮಾಡಿಸಿ, ಮಾರನೆಯ ದಿನ ನಿಂಬೆಹಣ್ಣು ಇಟ್ಟು ಸೆಲ್ಫ್ ಹೊಡೆದರೆ ಅದು ಏಕೆ ತಿರುಗೀತು? ಒರೆಸುವುದಕ್ಕೆ ಒದ್ದೆ ಬಟ್ಟೆ ಸಾಕು.

ಪರೀಕ್ಷೆಗೆ ಮುನ್ನೂರು ನಾನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ರ ಸುಮಾರಿಗಿದ್ದರೆ ಅರ್ಧ ಖಾಲಿ. ಮುಂದಿನದಕ್ಕೆ ಇಬ್ಬರು ಬೇಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲಿರಲಿ, ಎಂಜಿನ್ ಹಿಡಿಯದಂತೆ ಸ್ಟಾಪ್ ಗುಂಡಿ ಎಳೆದಿರಲಿ. ಒಬ್ಬರು ಸೀಟಿನಲ್ಲಿ ಕುಳಿತು ಸೆಲ್ಫ್ ಹೊಡೆಯುವಾಗ ಮತ್ತೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು ಸೊಲೆನಾಯಿಡಿನ ದೊಡ್ಡ ಬೋಲ್ಟಿಗೂ ಇಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕೇಬಲೋ ಲಗ್ಗೋ ಕರೆಂಟನ್ನು ತಿನ್ನುತ್ತಿದೆ. ಅದೇ ರೀತಿ ಮೈನಸ್ ಕಂಬಕ್ಕೂ ಸೆಲ್ಫಿನ ಮೈಗೂ ಇಟ್ಟು ಅರ್ತನ್ನು ನೋಡಬೇಕು. ಬ್ಯಾಟರಿ ಕಂಬಗಳ ನಡುವೆಯೇ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ, ಇಲ್ಲವೆ ಸೆಲ್ಫ್ ಒಳಗೇ ಬಿಗಿದಿದೆ. ಸದ್ದೇ ಇಲ್ಲದಿದ್ದರೆ ಕೀ ತಿರುಗಿಸಿ ಹಿಡಿದು ಸೊಲೆನಾಯಿಡಿನ ಸಣ್ಣ ತುದಿಯಲ್ಲಿ ವೋಲ್ಟ್ ನೋಡಿ. ಅಲ್ಲಿ ಸರಿಯಾಗಿ ಬರುತ್ತಿದ್ದರೆ ದೋಷ ಸೊಲೆನಾಯಿಡಿನಲ್ಲಿ. ಬಾರದಿದ್ದರೆ ಸೇಫ್ಟಿ ಸ್ವಿಚ್ಚು, ಕೀ ಸ್ವಿಚ್ಚು ಎಂದು ಹಿಂದಕ್ಕೆ ಹುಡುಕುತ್ತ ಹೋಗಬೇಕು. ಈ ಹದಿನೈದು ನಿಮಿಷದ ಕೆಲಸ ಪೇಟೆಯ ಪ್ರಯಾಣವನ್ನು ಉಳಿಸುತ್ತದೆ.

ಸ್ವಿಚ್ಚು ಬದಲಿಸುವ ಮುಂಚೆ ಬ್ಯಾಟರಿಯ ಅರ್ತ್ ತುದಿಯನ್ನು ಬಿಚ್ಚಿ, ಕೊನೆಯಲ್ಲಿ ಅದನ್ನೇ ಹಾಕಬೇಕು. ಸಾಮಾನ್ಯವಾಗಿ ಅದು ಮೈನಸ್. ಫರ್ಗುಸನ್ನಿನಂಥ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸೇ ಅರ್ತ್ ಆಗಿರುವುದುಂಟು, ನೋಡಿ ಬಿಚ್ಚಿ. ತಂತಿಗಳ ಬಣ್ಣವನ್ನು ನಂಬಬೇಡಿ, ಇಷ್ಟು ವರ್ಷದಲ್ಲಿ ಎಷ್ಟು ಕೈ ಆಡಿದೆಯೋ ಬಲ್ಲವರಾರು. ಪ್ರತಿ ತಂತಿಗೂ ಚೀಟಿ ಕಟ್ಟಿ, ಅದು ಯಾವ ತುದಿಯಿಂದ ಬಂತೆಂದು ಬರೆದುಕೊಳ್ಳಿ. ಅನೇಕ ಸ್ವಿಚ್ಚುಗಳ ಬೆನ್ನ ಮೇಲೆ ಅಂಕಿಗಳಿರುತ್ತವೆ: 30 ಎಂದರೆ ಬ್ಯಾಟರಿಯಿಂದ ಬರುವುದು, 15 ಕೀ ಹಾಕಿದಾಗ ಕರೆಂಟು ಹೋಗುವುದು, 50 ಸೆಲ್ಫಿಗೆ, 19 ಹೀಟರ್ ಪ್ಲಗ್ಗಿಗೆ. ಅಂಕಿ ಇಲ್ಲದ ಸ್ವಿಚ್ಚಾದರೆ ಮೀಟರಿನಿಂದ ಕಂಡುಹಿಡಿಯಬೇಕೇ ಹೊರತು ಊಹೆ ಬೇಡ.

ಹೊಸ ಸ್ವಿಚ್ಚು ಎರಡೇ ವರ್ಷಕ್ಕೆ ಸುಡುತ್ತದೆಂಬ ದೂರು ಸದಸ್ಯರಿಂದ ಆಗಾಗ ಬರುತ್ತದೆ. ಸೊಲೆನಾಯಿಡ್ ಎಳೆಯುವ ಕ್ಷಣದಲ್ಲಿ ಮೂವತ್ತು ಆಂಪಿಯರಿಗೂ ಮಿಕ್ಕಿ ಕರೆಂಟು ಆ ಪುಟ್ಟ ಸ್ವಿಚ್ಚಿನ ತುಟಿಗಳ ನಡುವೆ ಹರಿಯುವುದುಂಟು. ಸುಡದೆ ಏನು ಮಾಡೀತು? ಇದಕ್ಕೆ ನಾಲ್ಕು ಕಾಲಿನ 40 ಆಂಪಿಯರ್ ರಿಲೇ ಒಳ್ಳೆಯ ಪರಿಹಾರ. 30ಕ್ಕೆ ಬ್ಯಾಟರಿ ಕಡೆಯಿಂದ ಫ್ಯೂಸ್ ಮೂಲಕ ತಂತಿ, 87ರಿಂದ ಸೊಲೆನಾಯಿಡಿನ ಸಣ್ಣ ತುದಿಗೆ, 86ಕ್ಕೆ ಸೇಫ್ಟಿ ಸ್ವಿಚ್ಚು ದಾಟಿ ಬಂದ ಕೀ ತಂತಿ, 85 ಅರ್ತ್. ಆಗ ಕೀ ಸ್ವಿಚ್ಚು ಹೊರುವುದು ಅರ್ಧ ಆಂಪಿಯರೂ ಇಲ್ಲ. ಸೇಫ್ಟಿ ಸ್ವಿಚ್ಚಿನ ಆಯುಷ್ಯವೂ ಹೆಚ್ಚುತ್ತದೆ, ಅದನ್ನು ತಪ್ಪಿಸಿ ಜೋಡಿಸುವ ನೆಪವೂ ಇಲ್ಲವಾಗುತ್ತದೆ.

ತಂತಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮನೆ ವೈರಿಂಗಿನ ಒಂಟಿ ಎಳೆಯ ತಂತಿ ಗಾಡಿಯ ಅದುರಾಟಕ್ಕೆ ಮುರಿಯುತ್ತದೆ. ಬಹು ಎಳೆಯ ಆಟೋ ತಂತಿಯೇ ಬೇಕು: ಕೀಗೆ ಹೋಗುವುದಕ್ಕೆ 4 ಚದರ ಮಿಲಿಮೀಟರ್, ಬ್ಯಾಟರಿ ಕೇಬಲಿಗೆ 35ಕ್ಕಿಂತ ಕಡಿಮೆ ಬೇಡ, 50 ಆದರೆ ಉತ್ತಮ. ತಿರುಚಿ ಟೇಪು ಸುತ್ತುವ ಬದಲು ಲಗ್ಗನ್ನು ಒತ್ತಿಸಿ. ತಗಡಿನ ತೂತು ದಾಟುವಲ್ಲಿ ರಬ್ಬರ್ ಬಳೆ ಹಾಕಿ. ಅರ್ತ್ ಕೂರುವ ಜಾಗವನ್ನು ಕಬ್ಬಿಣ ಹೊಳೆಯುವಷ್ಟು ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿ.

ಒಂದು ಮಾತು ಪೆಟ್ರೋಲ್ ಯಂತ್ರಗಳ ಬಗ್ಗೆ. ಅಮೆರಿಕದವರು 1960ರ ದಶಕದ ಕಬ್ ಕೆಡೆಟ್, ಜಾನ್ ಡೀರ್ 110ರಂಥ ಪುಟ್ಟ ಗಾರ್ಡನ್ ಟ್ರ್ಯಾಕ್ಟರುಗಳನ್ನು ಇಂದಿಗೂ ಜೋಪಾನ ಮಾಡಿ ಓಡಿಸುತ್ತಾರೆ. ಅಂಥ ಪೆಟ್ರೋಲ್ ಎಂಜಿನ್ನಿನಲ್ಲಿ ಮ್ಯಾಗ್ನೆಟೊ ಇದ್ದರೆ ಕೀಯ ಕೆಲಸ ತದ್ವಿರುದ್ಧ: ಕೀ ತೆಗೆದಾಗ ಅದು ಮ್ಯಾಗ್ನೆಟೊವನ್ನು ಅರ್ತಿಗೆ ಸೇರಿಸಿ ಕಿಡಿಯನ್ನು ಕೊಲ್ಲುತ್ತದೆ. ಅಲ್ಲಿ ಬ್ಯಾಟರಿ ಇಗ್ನಿಷನ್ನಿನ ಸ್ವಿಚ್ಚು ಹಾಕಿದರೆ 12 ವೋಲ್ಟ್ ಮ್ಯಾಗ್ನೆಟೊಗೆ ನುಗ್ಗಿ ಅದು ಹಾಳಾಗಬಹುದು. ನಮ್ಮ ಕಳೆ ಕೊಚ್ಚುವ ಯಂತ್ರದ ಸ್ಟಾಪ್ ಸ್ವಿಚ್ಚೂ ಇದೇ ಜಾತಿಯದು. ಅದರ ತಂತಿ ಕಡಿದರೆ ಯಂತ್ರ ಸ್ವಿಚ್ಚಿನಿಂದ ನಿಲ್ಲುವುದಿಲ್ಲ, ಚೋಕ್ ಎಳೆದು ಉಸಿರುಗಟ್ಟಿಸಬೇಕು.

ಕಾಫಿ ಕೊಯ್ಲು ಆರಂಭವಾಗುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಬಯಸುವ ಸದಸ್ಯರಿಗಾಗಿ ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರನ್ನೂ ದಪ್ಪ ಕೇಬಲಿಗೆ ಲಗ್ಗು ಒತ್ತುವ ಉಪಕರಣವನ್ನೂ ಇರಿಸಿದೆ. ರುಜು ಹಾಕಿ ಎರಡು ದಿನಕ್ಕೆ ಒಯ್ಯಬಹುದು. ಕೇಬಲಿನ ಉದ್ದವನ್ನು ಹಗ್ಗದಲ್ಲಿ ಅಳೆದು ತನ್ನಿ, ಬೋಲ್ಟಿನ ದಪ್ಪವನ್ನೂ ಗುರುತು ಮಾಡಿಕೊಂಡು ಬನ್ನಿ. ಕಳೆದ ಬಾರಿ ಲಗ್ಗಿನ ತೂತು ಹೊಂದದೆ ಇಬ್ಬರು ಸದಸ್ಯರು ಎರಡೆರಡು ಸಲ ಘಟ್ಟ ಹತ್ತಿಳಿಯಬೇಕಾಯಿತು.