ವಾರಕ್ಕೊಂದು ವಿಷಯ, ಗಂಟೆಗೆ ಒಂಬತ್ತು ಹಾಡು

‘ನದಿ’ ಎಂಬ ವಿಷಯ ಕೊಟ್ಟು ಐವತ್ತೈದು ನಿಮಿಷಕ್ಕೆ ಹಾಡು ಜೋಡಿಸಿ ಎಂದರೆ, ಕನ್ನಡ ಚಿತ್ರಗೀತೆ ಬಲ್ಲವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಪಟ್ಟಿ ಬರೆದುಕೊಡುತ್ತಾರೆ. ಆ ಪಟ್ಟಿಯನ್ನು ಹಾಗೆಯೇ ಬಾನುಲಿಯಲ್ಲಿ ಬಿತ್ತರಿಸಿ ನೋಡಿ, ನಾಲ್ಕನೆಯ ಹಾಡಿಗೆ ಕೇಳುಗ ಎದ್ದು ಹೋಗಿರುತ್ತಾನೆ. ಹಾಡುಗಳೆಲ್ಲ ಒಳ್ಳೆಯವೇ. ಆದರೆ ಎಲ್ಲವೂ ಯುಗಳ ಗೀತೆ, ಎಲ್ಲವೂ ಎಪ್ಪತ್ತರ ದಶಕದ್ದು, ಎಲ್ಲದರಲ್ಲೂ ನಾಯಕಿ ದಡದ ಮೇಲೆ ಓಡುತ್ತಿರುತ್ತಾಳೆ. ವಾರಕ್ಕೊಂದು ವಿಷಯ ಹಿಡಿದು ಹಾಡು ಕೇಳಿಸುವ ನಿರೂಪಕರ ಕೆಲಸ ಶುರುವಾಗುವುದು ಈ ಮೊದಲ ಪಟ್ಟಿಯನ್ನು ಹರಿದು ಹಾಕಿದ ಮೇಲೆ.

ನಂಜನಗೂಡಿಗೂ ತಿ. ನರಸೀಪುರಕ್ಕೂ ಬಾನುಲಿ ಎಂದರೆ ಮೊದಲು ನೆನಪಾಗುವುದು ಮೈಸೂರು ಆಕಾಶವಾಣಿ, 100.6 ಎಫ್‌ಎಂ. ಯಾದವಗಿರಿಯ ಸ್ಟುಡಿಯೋದಲ್ಲಿ ಆಡಿದ ಮಾತು ಕಪಿಲೆಯ ದಂಡೆಗೂ, ಆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿಗೂ ಆ ಕ್ಷಣಕ್ಕೇ ತಲುಪುತ್ತದೆ. ಇಲ್ಲಿ ರೇಡಿಯೋ ಕೇಳುವವರು ಸುಮ್ಮನೆ ಕೂತು ಕೇಳುವವರಲ್ಲ. ಟೈಲರ್ ಅಂಗಡಿಯಲ್ಲಿ ಮಿಷನ್ ತುಳಿಯುತ್ತ, ಹೋಟೆಲಿನ ಒಲೆಯ ಮುಂದೆ ದೋಸೆ ಹುಯ್ಯುತ್ತ, ಗದ್ದೆಯ ಬದುವಿನ ಮೇಲೆ ಫೋನಿಟ್ಟು ಕಳೆ ಕೀಳುತ್ತ ಕೇಳುತ್ತಾರೆ. ಮಾತಿನ ಅರ್ಧ ಭಾಗ ಅವರ ಕಿವಿಗೆ ಬೀಳುವುದೇ ಇಲ್ಲ. ಇದನ್ನು ಅರಿತ ನಿರೂಪಕರು ಮುಖ್ಯವಾದ ಹೆಸರನ್ನು ಹಾಡಿಗೆ ಮೊದಲೊಮ್ಮೆ, ಹಾಡು ಮುಗಿದ ಮೇಲೊಮ್ಮೆ ಹೇಳುತ್ತಾರೆ. ಅರಿಯದವರು ಪ್ರಬಂಧ ಓದುತ್ತಾರೆ.

ಬಾನುಲಿಯ ವಿಷಯದಲ್ಲಿ ಮೈಸೂರು ಸೀಮೆಗೆ ಹಿರಿತನವಿದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ‘ವಿಠ್ಠಲ ವಿಹಾರ’ ಎಂಬ ತಮ್ಮ ಮನೆಯಲ್ಲೇ ಪ್ರೊ. ಎಂ.ವಿ. ಗೋಪಾಲಸ್ವಾಮಿ ಪ್ರಸಾರ ಆರಂಭಿಸಿದರು. ಅವರ ಬಳಿ ಇದ್ದದ್ದು 30 ವ್ಯಾಟಿನ ಪುಟ್ಟ ಪ್ರೇಷಕ. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು, ಅದನ್ನು ಇಟ್ಟ ಕೀರ್ತಿ ಸಾಮಾನ್ಯವಾಗಿ ನಾ. ಕಸ್ತೂರಿ ಅವರಿಗೆ ಸಲ್ಲುತ್ತದೆ. 1942ರಲ್ಲಿ ಕೇಂದ್ರ ಮೈಸೂರು ಸಂಸ್ಥಾನದ ವಶಕ್ಕೆ ಬಂತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋ ಸೇರಿತು, 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ. ಗೋಪಾಲಸ್ವಾಮಿ ಪಾಠ ಹೇಳುತ್ತಿದ್ದದ್ದು ಮನಶ್ಶಾಸ್ತ್ರವನ್ನು. ಎಂಜಿನಿಯರ್ ಅಲ್ಲದ, ಸಂಗೀತಗಾರನೂ ಅಲ್ಲದ ಮನಶ್ಶಾಸ್ತ್ರಜ್ಞನೊಬ್ಬ ರೇಡಿಯೋ ಕಟ್ಟಿದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಕಾಣದ ಕೇಳುಗನ ತಲೆಯಲ್ಲಿ ಏನು ಓಡುತ್ತಿದೆ ಎಂದು ಊಹಿಸುವುದೇ ಈ ಕಸುಬಿನ ಅರ್ಧ.

ವಾರದ ಹಾಡಿನ ಕಾರ್ಯಕ್ರಮಕ್ಕೆ ನಮ್ಮ ದೇಶದಲ್ಲಿ ಮೆರುಗು ಬಂದದ್ದು ಸರ್ಕಾರದ ಒಂದು ಹಟದಿಂದ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಆಗುತ್ತಿರಲಿಲ್ಲ. ಅವರ ಕಾಲದಲ್ಲಿ ಆಲ್ ಇಂಡಿಯಾ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯಿತು, ಕೇಳುಗರು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಅಮೀನ್ ಸಯಾನಿ ಅವರ ‘ಬಿನಾಕಾ ಗೀತ್‌ಮಾಲಾ’ ಶುರುವಾಗಿ, ಬುಧವಾರದ ಸಂಜೆ ಎಂಟು ಗಂಟೆ ದೇಶಕ್ಕೆ ದೇಶವೇ ಕಿವಿಗೊಡುವ ಹೊತ್ತಾಯಿತು. ಸೋಲೊಪ್ಪಿದ ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆಯಿತು. ಗೀತ್‌ಮಾಲಾ ಹಾಡುಗಳಿಗೆ ಅಂಕ ಕೊಟ್ಟು ಮೆಟ್ಟಿಲು ಹತ್ತಿಸುವ ಬಗೆಯದು. ನಾವು ಮಾತಾಡುತ್ತಿರುವುದು ಇನ್ನೊಂದು ಬಗೆಯ ಬಗ್ಗೆ. ವಿವಿಧ ಭಾರತಿಯ ರಾತ್ರಿಯ ‘ಛಾಯಾಗೀತ್’ ಅಂಥದು. ಅಲ್ಲಿ ಉದ್ಘೋಷಕರೇ ಒಂದು ಭಾವ ಆರಿಸಿಕೊಂಡು ತಮ್ಮಿಷ್ಟದ ಹಾಡು ಪೋಣಿಸುತ್ತಾರೆ. ಅಮೆರಿಕದಲ್ಲಿ ಬಾಬ್ ಡಿಲನ್ 2006ರಿಂದ 2009ರವರೆಗೆ ಉಪಗ್ರಹ ರೇಡಿಯೋದಲ್ಲಿ ವಾರಕ್ಕೊಂದು ವಿಷಯದ ಗಂಟೆ ನಡೆಸಿದರು. ಮೊದಲ ವಾರದ ವಿಷಯ ಹವಾಮಾನ. ಅಷ್ಟು ದೊಡ್ಡ ಹಾಡುಗಾರ ಸುಮಾರು ನೂರು ಕಂತುಗಳಲ್ಲಿ ಬಹುಪಾಲು ಬೇರೆಯವರ ಹಾಡುಗಳನ್ನೇ ಕೇಳಿಸಿದ್ದು ಗಮನಿಸಬೇಕಾದ ಮಾತು.

ಒಳಗಿನ ಲೆಕ್ಕ ಹೀಗೆ. ಐವತ್ತೈದು ನಿಮಿಷದ ಕಾರ್ಯಕ್ರಮ. ಚಿತ್ರಗೀತೆ ಸರಾಸರಿ ನಾಲ್ಕೂವರೆ ನಿಮಿಷ, ಒಂಬತ್ತು ಹಾಡಿಗೆ ನಲವತ್ತು ನಿಮಿಷ ದಾಟಿತು. ಆರಂಭದ ರಾಗಮುದ್ರೆ, ಮುಕ್ತಾಯ, ನಡುವಿನ ಪ್ರಕಟಣೆ ಕಳೆದರೆ ಉಳಿಯುವುದು ಹತ್ತು ನಿಮಿಷ. ಎಂದರೆ ಪ್ರತಿ ಹಾಡಿಗೆ ಒಂದು ನಿಮಿಷದ ಮಾತು. ಅದರಲ್ಲೇ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರ ಹೆಸರು ಹೇಳಬೇಕು, ಹಿಂದಿನ ಹಾಡಿನಿಂದ ಮುಂದಿನದಕ್ಕೆ ದಾಟಬೇಕು. ಇದೆಲ್ಲ ಕ್ಯೂ ಶೀಟಿನ ಮೇಲೆ ನಿಮಿಷ, ಸೆಕೆಂಡಿನ ಸಮೇತ ಮೊದಲೇ ಬರೆದಿರುತ್ತದೆ. ಹಾಡಿನ ಮೊದಲ ವಾದ್ಯಭಾಗ ಹನ್ನೆರಡು ಸೆಕೆಂಡು ಎಂದಿದ್ದರೆ ಹನ್ನೊಂದನೆಯ ಸೆಕೆಂಡಿಗೆ ಮಾತು ನಿಲ್ಲಬೇಕು. ಪಲ್ಲವಿಯ ಮೇಲೆ ನಿರೂಪಕರ ದನಿ ಬಿದ್ದರೆ ಕ್ಷಮೆಯಿಲ್ಲ. ಕೆಲವು ಖಾಸಗಿ ಎಫ್‌ಎಂಗಳಲ್ಲಿ ಅದೇ ಒಂದು ಶೈಲಿಯಾಗಿಬಿಟ್ಟಿದೆ. ಹಾಡು ಬರೆದವರ ಹೆಸರನ್ನಂತೂ ಅಲ್ಲಿ ಕೇಳಲೇಬೇಡಿ. ಆಕಾಶವಾಣಿಯ ಉದ್ಘೋಷಕರು ಗೀತರಚನೆಕಾರರ ಹೆಸರು ಬಿಡದೆ ಹೇಳುವ ಪದ್ಧತಿ ಇಟ್ಟುಕೊಂಡಿದ್ದರಿಂದಲೇ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಮೊದಲಾದವರ ಹೆಸರು ಸಿನಿಮಾ ನೋಡದ ಹಳ್ಳಿಯ ಮನೆಗಳಿಗೂ ಪರಿಚಯವಾಯಿತು.

ಇನ್ನು ಹಾಡುಗಳ ಸರದಿ. ಎಲೆಗೆ ಪಾಯಸ ಬಡಿಸಿದ ಹಿಂದೆಯೇ ಇನ್ನೊಂದು ಪಾಯಸ ಬಡಿಸುವುದಿಲ್ಲ. ಹಾಗೆಯೇ ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿಯ ಹಾಡಿನ ಬೆನ್ನಿಗೆ ಅವರದೇ ಇನ್ನೊಂದು ಬಂದರೆ ಎರಡೂ ಮಂಕಾಗುತ್ತವೆ. ಒಂದೇ ರಾಗದ ಎರಡು ಹಾಡು ಅಕ್ಕಪಕ್ಕ ಬರುವುದಾದರೆ ಅದು ಬೇಕೆಂದೇ ಬಂದಿರಬೇಕು, ಕೇಳುಗನಿಗೆ ಅದು ತಿಳಿಯಬೇಕು. ಶ್ರುತಿ ಥಟ್ಟನೆ ಅರ್ಧ ಮನೆ ಏರಿದರೂ ಇಳಿದರೂ ಸಂಗೀತ ಬಾರದವರಿಗೂ ಏನೋ ಎಡವಿದಂತಾಗುತ್ತದೆ. ಆಗ ನಡುವೆ ಒಂದು ಮಾತು ತೂರಿಸಿ ಕಿವಿಗೆ ಬಿಡುವು ಕೊಡಬೇಕು. ಪ್ರತಿ ಗಂಟೆಯಲ್ಲೂ ಯಾರೂ ನಿರೀಕ್ಷಿಸದ ಒಂದು ಹಾಡು ಇರಲಿ ಎಂಬುದು ಪಳಗಿದವರ ರೂಢಿ. ಉದಾಹರಣೆಗೆ, ‘ಮೈಸೂರು’ ಎಂಬ ವಿಷಯಕ್ಕೆ ಮಲ್ಲಿಗೆ, ದಸರೆಯ ಹಾಡುಗಳ ನಡುವೆ ರಷ್ಯಾದ ನಿಕೊಲಾಯ್ ಮೆಟ್ನರನ ಪಿಯಾನೋ ಒಂದೆರಡು ನಿಮಿಷ ಬರಲಿ. ಅವನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಇದನ್ನು ಹೇಳಲು ಇಪ್ಪತ್ತು ಸೆಕೆಂಡು ಸಾಕು.

ವಿಷಯ ಆರಿಸುವುದರಲ್ಲೇ ನಿರೂಪಕರ ಬುದ್ಧಿ ತಿಳಿಯುತ್ತದೆ. ‘ಮಳೆ’, ‘ತಾಯಿ’, ‘ಸ್ನೇಹ’ ಇವೆಲ್ಲ ಸವೆದ ದಾರಿ. ನಂಜನಗೂಡಿನ ಕೇಳುಗರಿಗೆ ‘ಸೇತುವೆ’ ಎಂಬ ವಿಷಯ ಕೊಟ್ಟು ನೋಡಿ. ಕಪಿಲೆಗೆ ಅಡ್ಡಲಾಗಿ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಕಲ್ಲಿನ ಸೇತುವೆ ಅವರ ಕಣ್ಣೆದುರಿಗೇ ಇದೆ. ರಸ್ತೆ, ರೈಲು ಎರಡನ್ನೂ ಬಹುಕಾಲ ಹೊತ್ತ ಸೇತುವೆ ಅದು. ಅಲ್ಲಿಂದ ರೈಲಿನ ಹಾಡಿಗೆ ಹೋಗಬಹುದು, ಊರು ಬಿಟ್ಟು ಹೊರಟವರ ಹಾಡಿಗೆ, ತವರಿಗೆ ಬರುವವಳ ಹಾಡಿಗೆ ಹೋಗಬಹುದು. ಕೇಳುಗರು ಅಂಥ ವಾರ ತಾವಾಗಿಯೇ ಇನ್ನೆರಡು ಹಾಡು ಸೂಚಿಸಿ ಕಾಗದ ಬರೆಯುತ್ತಾರೆ. ಈಗ ಕಾಗದದ ಜಾಗಕ್ಕೆ ವಾಟ್ಸಾಪ್ ಬಂದಿದೆ, ಅಷ್ಟೇ.

ಮೊದಲಿನ ನದಿಗೆ ಬರೋಣ. ತಿ. ನರಸೀಪುರದ ಸಂಗಮವನ್ನು ಮನಸ್ಸಿನಲ್ಲಿಟ್ಟುಕೊಂಡು ಗಂಟೆ ಕಟ್ಟುವುದಾದರೆ ನಾನು 1971ರ ‘ಶರಪಂಜರ’ ಚಿತ್ರದ ಕಾವೇರಿಯ ಯುಗಳ ಗೀತೆಯಿಂದ ತೊಡಗುತ್ತೇನೆ. ಪಿ.ಬಿ. ಶ್ರೀನಿವಾಸ್, ಪಿ. ಸುಶೀಲ ಹಾಡಿದ್ದು, ವಿಜಯಭಾಸ್ಕರ್ ಸಂಗೀತ. ಚಿತ್ರದ ಕತೆ ಮೈಸೂರಿನ ತ್ರಿವೇಣಿಯವರ ಕಾದಂಬರಿಯದು. ಆಮೇಲೆ ಸಿನಿಮಾ ಬಿಟ್ಟು 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿಗೆ ಹೊರಳಬಹುದು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, ಭಾವಗೀತೆಯನ್ನು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ತಂದ ಸಂಗ್ರಹ ಅದು. ಮೂರನೆಯದು ಪಿಟೀಲು. ಸಂಗಮದ ದಂಡೆಯ ತಿರುಮಕೂಡಲಿನಲ್ಲೇ 1895ರಲ್ಲಿ ಹುಟ್ಟಿದವರು ಟಿ. ಚೌಡಯ್ಯ. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಕೂಡಿಸಿ ಏಳು ತಂತಿಯ ಪಿಟೀಲು ನುಡಿಸಿದವರು. ತಮ್ಮ ಕೃತಿಗಳಿಗೆ ಊರಿನ ನೆನಪಿನಲ್ಲಿ ‘ತ್ರಿಮಕುಟ’ ಎಂದು ಅಂಕಿತ ಇಟ್ಟವರು. ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಸಭಾಂಗಣವೇ ಅವರ ಹೆಸರಿನಲ್ಲಿದೆ. ಮೂರು ವರ್ಷಕ್ಕೊಮ್ಮೆ ಕುಂಭಮೇಳಕ್ಕೆಂದು ತಿರುಮಕೂಡಲಿಗೆ ಬರುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಇದು ಚೌಡಯ್ಯನವರ ಊರು ಎಂಬುದು ಗೊತ್ತು? ರೇಡಿಯೋ ಹೇಳಬೇಕಾದ್ದು ಇಂಥದ್ದನ್ನೇ.

ಇಲ್ಲಿಯವರೆಗೆ ಸುಲಭ. ತೊಡಕು ಎದುರಾಗುವುದು ನಾಲ್ಕನೆಯದಕ್ಕೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಿಜವಾದ ಸಂಗೀತ ಸಿನಿಮಾದ್ದೂ ಅಲ್ಲ, ಸಭೆಯದ್ದೂ ಅಲ್ಲ. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕತೆ ಹಾಡುವ ನೀಲಗಾರರು, ಜನರ ಬಾಯಲ್ಲಿ ತಂಬೂರಿಯವರು. ಮಾದಪ್ಪನ ಕತೆ ಹಾಡುವ ದೇವರಗುಡ್ಡರು, ಅವರ ಕೈಯ ಕಂಸಾಳೆ. ಚಿತ್ರಗೀತೆಯ ಅಳತೆ ನಾಲ್ಕೂವರೆ ನಿಮಿಷವಾದರೆ ತಂಬೂರಿ ಕತೆಯ ಅಳತೆ ಒಂದು ಇಡೀ ರಾತ್ರಿ. ಅದರಿಂದ ಒಂದು ತುಂಡು ಕತ್ತರಿಸಿ ಎರಡು ಸಿನಿಮಾ ಹಾಡಿನ ನಡುವೆ ಸಿಕ್ಕಿಸಿದರೆ ‘ಜಾನಪದಕ್ಕೂ ಜಾಗ ಕೊಟ್ಟೆವು’ ಎಂಬ ಸಮಾಧಾನ ನಿರೂಪಕರಿಗೆ ಸಿಗಬಹುದು, ಕೇಳುಗನಿಗೆ ಕತೆಯೂ ಸಿಗುವುದಿಲ್ಲ, ಹಾಡೂ ಸಿಗುವುದಿಲ್ಲ. ತಾಂತ್ರಿಕ ಕಷ್ಟವೂ ಇದೆ. ಕಂಸಾಳೆಯ ಕಂಚಿನ ಪೆಟ್ಟು ಮೈಕಿಗೆ ನೇರ ಬಿದ್ದರೆ ಹಾಡುವವರ ದನಿ ಅಡಗಿಹೋಗುತ್ತದೆ. ಮೈಕನ್ನು ಬಾಯಿಗೆ ಹತ್ತಿರ, ತಾಳಕ್ಕೆ ದೂರ ಇಟ್ಟು ಧ್ವನಿಮುದ್ರಿಸುವ ತಾಳ್ಮೆ ಬೇಕು.

ನನ್ನ ಮಾತು ಇಷ್ಟೆ: ಆ ವಾರ ಒಂಬತ್ತು ಹಾಡಿನ ನಿಯಮ ಮುರಿಯಿರಿ. ಮೂರು ಹಾಡು ಕೇಳಿಸಿ, ಉಳಿದ ಅರ್ಧ ಗಂಟೆ ಒಂದೇ ಕತೆಗೆ ಕೊಡಿ. ಹಾಡುವವರು ನಡುವೆ ನಿಂತು ಕತೆಯನ್ನು ಮಾತಿನಲ್ಲಿ ಮುಂದುವರಿಸುವುದನ್ನು, ಹಿಮ್ಮೇಳದವರು ಹೂಂಗುಡುವುದನ್ನು ಕತ್ತರಿಸದೆ ಬಿಡಿ. ವಿಷಯಾಧಾರಿತ ಕಾರ್ಯಕ್ರಮದ ನಿಜವಾದ ಉಪಯೋಗ ಇಲ್ಲಿದೆ. ಮೊಬೈಲು ಆ್ಯಪ್‌ಗಳು ಹಾಡಿನ ಪಟ್ಟಿಯನ್ನು ನಮಗಿಂತ ಚೆನ್ನಾಗಿ ಮಾಡುತ್ತವೆ. ನೀವು ನಿನ್ನೆ ಕೇಳಿದ್ದನ್ನು ನೋಡಿ ಇಂದು ಅಂಥದ್ದನ್ನೇ ಕೊಡುತ್ತವೆ. ‘ಶರಪಂಜರ’ದ ಹಾಡು ಕೇಳಿದವರನ್ನು ಕೈಹಿಡಿದು ತಂಬೂರಿ ಕತೆಯವರೆಗೆ ಕರೆದೊಯ್ಯಬೇಕಾದರೆ ಎರಡನ್ನೂ ಕೇಳಿ ಬೆಳೆದ ಮನುಷ್ಯನೊಬ್ಬ ಮೈಕಿನ ಮುಂದೆ ಕೂತಿರಬೇಕು.

ಇದಕ್ಕೆ ಆಕಾಶವಾಣಿಯೊಂದನ್ನೇ ನೆಚ್ಚಬೇಕಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಬಾನುಲಿ ತರಂಗಗಳು ಸಾರ್ವಜನಿಕರ ಸ್ವತ್ತು ಎಂದಿತು. ಸಮುದಾಯ ಬಾನುಲಿಗೆ 2002ರಲ್ಲಿ ಮೊದಲು ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅನುಮತಿಯ ಬಾಗಿಲು ತೆರೆಯಿತು. ನೂರು ವ್ಯಾಟಿನ ಪ್ರಸಾರ, ಹತ್ತು ಹದಿನೈದು ಕಿಲೋಮೀಟರಿನ ವ್ಯಾಪ್ತಿ, ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿಯೇ ತಯಾರಾಗಬೇಕೆಂಬ ನಿಯಮ. ನಂಜನಗೂಡಿನಿಂದ ಕಪಿಲೆಯ ಮೇಲ್ಭಾಗಕ್ಕೆ ಹೋದರೆ ಸಿಗುವ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ‘ಜನಧ್ವನಿ’ 90.8 ಎಫ್‌ಎಂ 2012ರಲ್ಲಿ ಆರಂಭವಾಯಿತು. ರಾತ್ರಿಯಿಡೀ ನಡೆಯುವ ಕತೆಯನ್ನು ಕಂತುಕಂತಾಗಿ ವಾರಗಟ್ಟಲೆ ಬಿತ್ತರಿಸುವ ಸ್ವಾತಂತ್ರ್ಯ ಇಂಥ ಪುಟ್ಟ ಕೇಂದ್ರಗಳಿಗೆ ಇರುವಷ್ಟು ದೊಡ್ಡ ನಿಲಯಗಳಿಗೆ ಇರುವುದಿಲ್ಲ. ನಂಜನಗೂಡು, ನರಸೀಪುರದ ಕಾಲೇಜುಗಳು ಈ ಬಗ್ಗೆ ಯೋಚಿಸಬೇಕು. ಸಂಗೀತ ಕಾರ್ಯಕ್ರಮ ನಡೆಸಲು ದೊಡ್ಡ ಬಂಡವಾಳ ಬೇಕಿಲ್ಲ, ಕೇಳುವ ಕಿವಿ, ಶುದ್ಧ ಉಚ್ಚಾರ, ಪ್ರತಿ ವಾರ ತಪ್ಪದೆ ಬರುವ ಶಿಸ್ತು ಬೇಕು. ಮೂರರಲ್ಲಿ ಅಪರೂಪ ಮೂರನೆಯದೇ.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಹಬ್ಬಕ್ಕೋ ಹರಕೆಗೋ ಮನೆ ಮುಂದೆ ಕತೆ ಮಾಡಿಸಿದಾಗ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟ ಕ್ಯಾಸೆಟ್ಟು ನಿಮ್ಮ ಅಟ್ಟದ ಮೇಲೆ ಇದ್ದರೆ, ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಕೆಳಗಿಳಿಸಿ, ಕಂಪ್ಯೂಟರಿಗೆ ಹಾಕಿಸಿ. ಜೊತೆಗೊಂದು ಚೀಟಿ ಇಡಿ: ಹಾಡಿದವರು ಯಾರು, ಯಾವ ಊರಿನವರು, ಯಾವ ವರ್ಷ. ಹಾಡಿದವರು ಇದ್ದರೆ ಅವರ, ಇಲ್ಲದಿದ್ದರೆ ಅವರ ಮನೆಯವರ ಒಪ್ಪಿಗೆ ಪಡೆದು ರೇಡಿಯೋದವರಿಗೆ ತಲುಪಿಸಿ. ಹೆಸರು, ಊರು, ವರ್ಷ ತಿಳಿಯದ ಧ್ವನಿಮುದ್ರಣವನ್ನು ಬಿತ್ತರಿಸಲು ಒಳ್ಳೆಯ ನಿರೂಪಕರು ಹಿಂಜರಿಯುತ್ತಾರೆ.