ಹೆದರಿದಾಗ ಎದೆ ಡವಡವ ಏಕೆ?

ಮಕ್ಕಳೇ, ಮುಸ್ಸಂಜೆ ಹೊತ್ತು ದನದ ಕೊಟ್ಟಿಗೆಗೆ ಹೋಗಿದ್ದೀರಿ. ಮೂಲೆಯಲ್ಲಿ ಏನೋ ಸುರುಳಿ ಸುತ್ತಿಕೊಂಡು ಬಿದ್ದಿದೆ. 'ಹಾವು!' ಎಂದು ಹಿಂದಕ್ಕೆ ಹಾರುತ್ತೀರಿ. ದೀಪ ತಂದು ನೋಡಿದರೆ ಹಸು ಕಟ್ಟುವ ಹಗ್ಗ. ಹಾವು ಸುಳ್ಳಾಯಿತು. ಆದರೆ ಎದೆಯ ಡವಡವ ಸುಳ್ಳೇ? ಅಲ್ಲ.

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. 'ಅಪಾಯ' ಎಂದು ಮಿದುಳು ನರಗಳ ಮೂಲಕ ಸುದ್ದಿ ಕಳುಹಿಸಿದೊಡನೆ ಇವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರಾಟ ಬಿರುಸಾಗುತ್ತದೆ, ಅಂಗೈ ಬೆವರುತ್ತದೆ. ಓಡಲು ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕಲ್ಲವೇ? ಹಾಗಾಗಿ ಜಠರ, ಕರುಳುಗಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೋರಾಡಲು ಇಲ್ಲವೇ ಓಡಿಹೋಗಲು ದೇಹ ಹೀಗೆ ಸಜ್ಜಾಗುವುದನ್ನು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪುಸ್ತಕ ಬರೆದು ವಿವರಿಸಿದರು.

ಈಗ ನಾಳೆಯ ಗಣಿತ ಪರೀಕ್ಷೆಯನ್ನು ನೆನೆಯಿರಿ. ಅದರೊಡನೆ ಹೋರಾಡುವಂತಿಲ್ಲ, ಅದರಿಂದ ಓಡುವಂತೆಯೂ ಇಲ್ಲ. ಆದರೂ 'ನಪಾಸಾದರೆ? ಎಲ್ಲರೂ ನಕ್ಕರೆ?' ಎಂದುಕೊಂಡ ಕೂಡಲೇ ಅದೇ ಅಡ್ರಿನಲಿನ್ ಹರಿಯುತ್ತದೆ. ನಿಜವಾದ ಹಾವಾದರೆ ಹರಿದುಹೋಗುತ್ತದೆ, ಸ್ವಲ್ಪ ಹೊತ್ತಿಗೆ ದೇಹ ಸಮಸ್ಥಿತಿಗೆ ಬರುತ್ತದೆ. ಯೋಚನೆಯಾದರೋ ತಿರುತಿರುಗಿ ಬರುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಕೆಲವರಿಗೆ ಹೊಟ್ಟೆನೋವು ಬರಲು ಇದೂ ಒಂದು ಕಾರಣ. ಅದು ಶಾಲೆ ತಪ್ಪಿಸುವ ನಾಟಕವೆಂದು ಬೈಯುವವರಿಗೆ ಈ ಪುಟ ತೋರಿಸಿ! ಸ್ವಲ್ಪ ಅಳುಕು ಇರಲಿ, ಅದಿಲ್ಲದಿದ್ದರೆ ಎಷ್ಟೋ ಮಂದಿ ಪುಸ್ತಕವನ್ನೇ ತೆರೆಯುವುದಿಲ್ಲ. ನಿದ್ದೆ ಕೆಡಿಸುವಷ್ಟು ಬೇಡ.

'ನಿಧಾನವಾಗು' ಎಂದರೆ ಹೃದಯ ಕೇಳುವುದಿಲ್ಲ. ಉಸಿರು ಮಾತ್ರ ನಮ್ಮ ಮಾತು ಕೇಳುತ್ತದೆ. ಹೀಗೆ ಮಾಡಿ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ. ಗಡಿಯಾರ ನೋಡುತ್ತ 1 ನಿಮಿಷದ ಮಿಡಿತಗಳನ್ನು ಎಣಿಸಿ ಬರೆದಿಡಿ. ನಂತರ 4 ಎಣಿಸುತ್ತ ಉಸಿರು ಎಳೆದುಕೊಳ್ಳಿ, 6 ಎಣಿಸುತ್ತ ಬಿಡಿ. ಬೆರಳು ನಾಡಿಯ ಮೇಲೆಯೇ ಇರಲಿ. ಉಸಿರು ಬಿಡುವಾಗ ಮಿಡಿತಗಳ ನಡುವಿನ ಅಂತರ ಹಿಗ್ಗುವುದು ನಿಮ್ಮಲ್ಲಿ ಹಲವರಿಗೆ ತಿಳಿಯುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೃದಯದ ಕಡಿವಾಣ ಬಿಗಿಹಿಡಿಯುತ್ತದೆ, ಎಳೆದುಕೊಳ್ಳುವಾಗ ಸಡಿಲಿಸುತ್ತದೆ. ಬಿಡುವ ಉಸಿರು ಉದ್ದವಿರಲಿ ಎಂದದ್ದು ಅದಕ್ಕೇ. 5 ನಿಮಿಷ ಹೀಗೆ ಮಾಡಿ, ಮತ್ತೆ ಎಣಿಸಿ, ಮೊದಲಿನ ಸಂಖ್ಯೆಯೊಡನೆ ಹೋಲಿಸಿ.

ದೇಹ ತಣ್ಣಗಾದ ಮೇಲೆ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. 'ಗಣಿತ ಕಷ್ಟ' ಎಂದು ಬರೆದರೆ ಸಾಲದು. 'ಭಿನ್ನರಾಶಿಯ ಭಾಗಾಕಾರ ಬರುವುದಿಲ್ಲ' ಎಂದು ಬರೆಯಿರಿ. ಆಗ ಅದು ಮೇಷ್ಟ್ರನ್ನೋ ಪಕ್ಕದ ಗೆಳತಿಯನ್ನೋ ಕೇಳಬಹುದಾದ ಪ್ರಶ್ನೆಯಾಗುತ್ತದೆ.

ಎಲ್ಲ ಹೆದರಿಕೆಯೂ ಅನಗತ್ಯವಲ್ಲ ಎಂಬುದೂ ನೆನಪಿರಲಿ. ದಾರಿಯಲ್ಲಿ ಯಾರೋ ಕಾಡುತ್ತಾರೆ, ಮನೆಯಲ್ಲಿ ಯಾರೋ ಹೊಡೆಯುತ್ತಾರೆ ಎಂದಾದರೆ ಉಸಿರಾಟದ ಅಭ್ಯಾಸ ಅದಕ್ಕೆ ಮದ್ದಲ್ಲ. ನೀವು ನಂಬುವ ಶಿಕ್ಷಕರಿಗೆ, ಅಮ್ಮನಿಗೆ, ಅಜ್ಜಿಗೆ ಹೇಳಿ. ಒಬ್ಬರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ.